ಬಟ್ಟೆ ಫೋಲ್ಡರ್ ಖರೀದಿಗೆ ಆಡಿಟ್ ಆಕ್ಷೇಪಣೆ ಬಂದಿದೆ. ಮುಂದಿನ ಸಲ ಕಡತದಲ್ಲಿ ಹೇಗೆ ಬರೆಯಬೇಕು?

ಪ್ರಶ್ನೆ: ಸ್ಟೋರ್ ವಿಷಯ ನಿರ್ವಾಹಕ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಆರು ವರ್ಷದಿಂದ ಸ್ಟೋರ್ ಮತ್ತು ಸಾದಿಲ್ವಾರು (ಕಚೇರಿಯ ಚಿಲ್ಲರೆ ಖರ್ಚು) ವಿಷಯ ನನ್ನ ಟೇಬಲ್‌ನಲ್ಲೇ ಇದೆ. ಪೇಪರು, ಫೈಲು, ಟೋನರ್, ಫ್ಯಾನು, ಮೀಟಿಂಗಿಗೆ ನೀರು, ಬ್ಯಾನರು, ಎಲ್ಲದಕ್ಕೂ ದರಪಟ್ಟಿ ಕರೆಯುವುದು, ತುಲನಾತ್ಮಕ ಪಟ್ಟಿ ಮಾಡುವುದು, ಬಿಲ್ಲು ಖಜಾನೆಗೆ ಕಳಿಸುವುದು ನನ್ನ ಕೆಲಸ.

ಹೋದ ವರ್ಷ ಮಾರ್ಚ್ ಕೊನೆಯ ವಾರ. ದಾಸ್ತಾನು ಪರಿಶೀಲನೆ ನಡೆದಿತ್ತು. ಮಧ್ಯಾಹ್ನ ಊಟಕ್ಕೆ ಎದ್ದಾಗ ಕಚೇರಿ ಹಿಂದಿನಿಂದ ಸುಟ್ಟ ವಾಸನೆ ಬಂತು. ಹೋಗಿ ನೋಡಿದೆ. ಕಸ ಗುಡಿಸುವ ನಮ್ಮ ಅಕ್ಕ ಬೇವಿನ ಗಿಡದ ಕೆಳಗೆ ಕಸಕ್ಕೆ ಬೆಂಕಿ ಹಚ್ಚಿ, ಸೆರಗು ಮೂಗಿಗೆ ಹಿಡಿದು ಕೋಲಿನಿಂದ ಒಳಗೆ ತಳ್ಳುತ್ತಿದ್ದರು. ಕೆಮ್ಮು ನಿಲ್ಲುತ್ತಿರಲಿಲ್ಲ. ಸುಡುತ್ತಿದ್ದ ಒಂದೊಂದು ವಸ್ತುವಿನ ಗುರುತೂ ನನಗೆ ಸಿಕ್ಕಿತು. ಜನವರಿ ತರಬೇತಿಯ ಪ್ಲಾಸ್ಟಿಕ್ ಫೋಲ್ಡರ್. ಅದೇ ತರಬೇತಿಯ ಫ್ಲೆಕ್ಸ್ ಬ್ಯಾನರ್, ಅದರ ಪ್ರೂಫ್ ನೋಡಿದ್ದು ನಾನೇ. ಥರ್ಮಾಕೋಲ್ ತಾಟು. ನೀರಿನ ಬಾಟಲಿ. ಎಲ್ಲದಕ್ಕೂ ನಾನೇ ಬಿಲ್ಲು ಮಾಡಿದ್ದೆ, ದಾಸ್ತಾನು ವಹಿಯಲ್ಲಿ ನನ್ನದೇ ಸಹಿ. ಆ ಅಕ್ಕನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ತಂದುಕೊಟ್ಟವನು ನಾನು, ಹೊಗೆ ಕುಡಿದವರು ಅವರು.

ಅವತ್ತಿನಿಂದ ಇದು ಮನಸ್ಸಿನಲ್ಲಿ ಕೊರೆಯುತ್ತಿದೆ. ಹಾಗಾಗಿ ಆಗಸ್ಟ್‌ನಲ್ಲಿ 120 ಜನರ ತರಬೇತಿ ಬಂದಾಗ ಬಟ್ಟೆಯ ಫೋಲ್ಡರ್ ತರಿಸಿದೆ. ಮೂರು ದರಪಟ್ಟಿ ಬಂದಿದ್ದವು. ಎರಡು ಪ್ಲಾಸ್ಟಿಕ್ಕಿನವು, ಕಡಿಮೆ ದರ 28 ರೂಪಾಯಿ. ಬಟ್ಟೆಯದು ಒಂದೇ, 65 ರೂಪಾಯಿ. "ಪರಿಸರ ಸ್ನೇಹಿ ಆಗಿರುವುದರಿಂದ ಬಟ್ಟೆಯದನ್ನು ಪರಿಗಣಿಸಬಹುದು" ಎಂದು ಟಿಪ್ಪಣಿ ಬರೆದೆ. ಸಾಹೇಬರು ಸಹಿ ಮಾಡಿದರು. ತರಬೇತಿಗೆ ಬಂದವರಿಗೆ ಖುಷಿಯೂ ಆಯ್ತು.

ಈಗ ಆಡಿಟ್ ಬಂದು ಹೋಗಿದೆ. ಆಕ್ಷೇಪಣೆ ಹೀಗಿದೆ: ಕನಿಷ್ಠ ದರ ಇದ್ದರೂ ಹೆಚ್ಚಿನ ದರಕ್ಕೆ ಖರೀದಿ, ಹೆಚ್ಚುವರಿ ವೆಚ್ಚ 4,440 ರೂಪಾಯಿ, ವಿವರಣೆ ಕೊಡಿ. ನನ್ನ ಸಂಬಳದಿಂದ ವಸೂಲಿ ಆದರೂ ಕಟ್ಟುತ್ತೇನೆ, ಅದು ದೊಡ್ಡದಲ್ಲ. ಆದರೆ ಆಕ್ಷೇಪಣೆ ನೋಡಿದ ಮೇಲೆ ನಮ್ಮ ಸಾಹೇಬರು "ಇನ್ನು ಮುಂದೆ ಹಳೇ ಪದ್ಧತಿನೇ ಇರಲಿ" ಎಂದುಬಿಟ್ಟರು. ನನಗೆ ಬೇಜಾರಾಗಿದ್ದು ಇದಕ್ಕೆ.

ಮುಂದಿನ ತಿಂಗಳು ಮತ್ತೆ ಖರೀದಿ ಇದೆ. 150 ಫೋಲ್ಡರ್, 24 ಸೀಲಿಂಗ್ ಫ್ಯಾನ್, ಮತ್ತೆ ಮೀಟಿಂಗಿನ ನೀರು. ಈ ನೀರಿನ ಲೆಕ್ಕವನ್ನೂ ಹೇಳುತ್ತೇನೆ. ತಿಂಗಳಿಗೆ ನಾಲ್ಕು ಮೀಟಿಂಗ್, ಒಂದೊಂದಕ್ಕೆ 60 ಜನ, ಒಂದು ಬಾಟಲಿಗೆ 10 ರೂಪಾಯಿ. ವರ್ಷಕ್ಕೆ 2,880 ಬಾಟಲಿ, 28,800 ರೂಪಾಯಿ. ಅರ್ಧ ಬಾಟಲಿ ಕುಡಿದು ಬಿಟ್ಟು ಹೋಗುತ್ತಾರೆ. ಕುಡಿಯುವ ನೀರಿಗೆ ಬೇಸಿಗೆಯಲ್ಲಿ ಜನ ಕೊಡ ಹಿಡಿದು ಸಾಲು ನಿಲ್ಲುವ ಜಿಲ್ಲೆ ನಮ್ಮದು. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ನಿಯಮದ ಒಳಗೇ ಇದ್ದು ಇದನ್ನು ಮಾಡಲು ದಾರಿ ಇದೆಯಾ? ಲೆಕ್ಕಪತ್ರ ಬಲ್ಲವರು ದಯವಿಟ್ಟು ಹೇಳಿ.

---

ಉತ್ತರ: ನಿವೃತ್ತ ಲೆಕ್ಕ ಅಧೀಕ್ಷಕ, ಬೆಳಗಾವಿ

ತಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. 34 ವರ್ಷ ಇದೇ ಕೆಲಸ ಮಾಡಿದವನು ನಾನು. ಮೊದಲು ಕಹಿ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಡಿಟ್‌ನವರು ಕಾಗದದ ಪ್ರಕಾರ ಬರೆದದ್ದು ಸರಿ. ದರಪಟ್ಟಿ ಕರೆದ ಪತ್ರದಲ್ಲಿ ನೀವು "ಫೋಲ್ಡರ್ 120" ಎಂದಷ್ಟೇ ಬರೆದಿರಬೇಕು. ಹಾಗೆ ಬರೆದ ಮೇಲೆ 28 ರೂಪಾಯಿಯದೂ ಫೋಲ್ಡರ್, 65 ರೂಪಾಯಿಯದೂ ಫೋಲ್ಡರ್. ದರ ತೆರೆದ ಮೇಲೆ ಬಟ್ಟೆಯದು ಒಳ್ಳೆಯದು ಎಂದು ಆರಿಸಿದರೆ, ನೋಡುವವರಿಗೆ ಅದು ಬೇಕಾದವರಿಗೆ ಕೊಟ್ಟ ಹಾಗೆ ಕಾಣುತ್ತದೆ. ನಿಮ್ಮ ಮನಸ್ಸು ಶುದ್ಧ ಇದ್ದದ್ದು ಕಡತದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಕನಿಷ್ಠ ದರ ಅಂದರೆ ಊರಿನಲ್ಲಿ ಸಿಗುವ ಎಲ್ಲಕ್ಕಿಂತ ಅಗ್ಗದ್ದು ಅಂತ ಅರ್ಥ ಅಲ್ಲ. ನಾವು ಕೇಳಿದ ಗುಣಮಟ್ಟಕ್ಕೆ ಹೊಂದಿದವರಲ್ಲಿ ಕನಿಷ್ಠ. ಕೇಳುವುದನ್ನು ಸರಿಯಾಗಿ ಕೇಳಿದರೆ ಪ್ಲಾಸ್ಟಿಕ್ಕಿನವನು ಆ ಸಾಲಿಗೇ ಬರುವುದಿಲ್ಲ. ಸರ್ಕಾರಿ ಖರೀದಿಗೆ ಇರುವ ನಮ್ಮ ರಾಜ್ಯದ ಪಾರದರ್ಶಕತೆ ಕಾಯ್ದೆ 1999ರದು, ನಿಯಮಗಳು 2000ದವು. ಅವು ಬಂದಾಗ ನಾನು ಸರ್ವಿಸ್‌ನಲ್ಲಿದ್ದೆ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಎಲ್ಲರಿಗೂ ಒಂದೇ ನಿಯಮ ಇರಬೇಕು, ಅದು ಮೊದಲೇ ಗೊತ್ತಿರಬೇಕು ಎನ್ನುವುದು ಆ ಕಾಯ್ದೆಯ ಜೀವ. ಬಟ್ಟೆ ಕೇಳಬಾರದು ಎಂದು ಅದು ಹೇಳುವುದಿಲ್ಲ.

ಈ ಸಲ ಹೀಗೆ ಬರೆಯಿರಿ:

"ಹತ್ತಿ ಅಥವಾ ಖಾದಿ ಬಟ್ಟೆಯ ಫೋಲ್ಡರ್. ಎ4 ಅಳತೆಯ ಕಾಗದ ಮಡಚದೆ ಹಿಡಿಯಬೇಕು. ಒಳಗೆ ಎರಡು ಜೇಬು, ಪೆನ್ನಿಗೆ ಒಂದು ಪಟ್ಟಿ. ಪ್ಲಾಸ್ಟಿಕ್ ಹೊದಿಕೆ, ಲ್ಯಾಮಿನೇಶನ್ ಇರಬಾರದು. ತೊಳೆದು ಮತ್ತೆ ಬಳಸುವಂತಿರಬೇಕು. ದರಪಟ್ಟಿಯ ಜೊತೆ ಒಂದು ಮಾದರಿ ಕೊಡಬೇಕು."

ಇಷ್ಟು ಬರೆದು, ಬಟ್ಟೆ ಹೊಲಿದು ಕೊಡುವ ಕನಿಷ್ಠ ಮೂರು ಕಡೆ ಪತ್ರ ಕಳಿಸಿ. ಮೂವರೂ ಬಟ್ಟೆಯ ದರವನ್ನೇ ಕೊಡುತ್ತಾರೆ. ಅದರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಿ. ಆಕ್ಷೇಪಣೆಗೆ ಜಾಗವೇ ಇರುವುದಿಲ್ಲ. ಇಂಥ ಕಂಪನಿಯದೇ ಬೇಕು ಎಂದು ಮಾತ್ರ ಎಲ್ಲಿಯೂ ಬರೆಯಬೇಡಿ. ಹಾಗೆ ಬರೆದರೆ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಕಡತ ಬಿದ್ದು ಹೋಗುತ್ತದೆ.

ಬಟ್ಟೆಯೇ ಯಾಕೆ ಎನ್ನುವ ಕಾರಣವನ್ನು ದರಪಟ್ಟಿ ಕರೆಯುವ ಮುಂಚಿನ ಟಿಪ್ಪಣಿಯಲ್ಲಿ ಬರೆದು ಅನುಮೋದನೆ ಪಡೆಯಿರಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಾಟು, ಲೋಟ, ಚಮಚ, ಥರ್ಮಾಕೋಲ್, ಫ್ಲೆಕ್ಸ್ ಬ್ಯಾನರ್ ಎಲ್ಲವನ್ನೂ ನಮ್ಮ ರಾಜ್ಯ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಕೇಂದ್ರದ ನಿಷೇಧ 2022ರ ಜುಲೈ 1ರಿಂದ. ನಿಮ್ಮ ಕಚೇರಿಯ ಹಿಂದೆ ಸುಟ್ಟ ಫ್ಲೆಕ್ಸ್ ಮತ್ತು ತಾಟು ಖರೀದಿಯೇ ಆಗಬಾರದಿತ್ತು. ಆಕ್ಷೇಪಣೆ ಹಾಕುವುದಾದರೆ ಅದಕ್ಕೆ ಹಾಕಬೇಕಿತ್ತು. ಫೋಲ್ಡರ್ ಆ ನಿಷೇಧದ ಪಟ್ಟಿಯಲ್ಲಿ ಬರುವುದಿಲ್ಲ, ಅದಕ್ಕೆ ನಿಮ್ಮದೇ ಕಾರಣ ಬೇಕು. ಬ್ಯಾನರಿಗೆ ಬಟ್ಟೆಯ ಮೇಲೆ ಬರೆಯುವ ಪೇಂಟರ್‌ಗಳು ಇನ್ನೂ ಇದ್ದಾರೆ, ದಿನಾಂಕದ ಜಾಗ ಖಾಲಿ ಬಿಡಿಸಿ ಬರೆಸಿದರೆ ಮೂರು ವರ್ಷ ಬರುತ್ತದೆ.

ಈಗ ಫ್ಯಾನ್ ವಿಷಯ. ಇಲ್ಲಿ ಸ್ವಲ್ಪ ಹೊತ್ತು ಕೂರೋಣ, ಯಾಕಂದರೆ ಸರ್ಕಾರದ ದುಡ್ಡು ಸದ್ದಿಲ್ಲದೆ ಸೋರುವುದು ಇಂಥಲ್ಲಿಯೇ.

ಹಳೆಯ ನಮೂನೆಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಎಂಬ ಹೊಸ ನಮೂನೆಯ ಮೋಟಾರಿನದು 30 ವಾಟ್ ಆಸುಪಾಸು. ದಿನಕ್ಕೆ 8 ತಾಸು, ವರ್ಷಕ್ಕೆ 250 ದಿನ ಹಿಡಿದರೆ 2,000 ತಾಸು. ಹಳೆಯದಕ್ಕೆ 150 ಯೂನಿಟ್, ಹೊಸದಕ್ಕೆ 60. ಉಳಿದದ್ದು 90 ಯೂನಿಟ್. ಲೆಕ್ಕಕ್ಕೆ ಯೂನಿಟ್‌ಗೆ 7 ರೂಪಾಯಿ ಇಟ್ಟುಕೊಳ್ಳಿ, ಒಂದು ಫ್ಯಾನಿಗೆ ವರ್ಷಕ್ಕೆ 630 ರೂಪಾಯಿ. ನಿಮ್ಮ 24 ಫ್ಯಾನಿಗೆ 15,120. ಖರೀದಿಯಲ್ಲಿ ಒಂದಕ್ಕೆ 1,300 ರೂಪಾಯಿ ಜಾಸ್ತಿ ಕೊಟ್ಟರೂ ಎರಡು ವರ್ಷದ ಮೇಲೆ ಒಂದೆರಡು ತಿಂಗಳಿಗೆ ಹುಟ್ಟಿಬಿಡುತ್ತದೆ. ವಿಜಯಪುರದ ಬಿಸಿಲಿಗೆ ಫ್ಯಾನ್ ಇನ್ನೂ ಜಾಸ್ತಿ ಓಡುತ್ತದೆ, ಇನ್ನೂ ಬೇಗ ಹುಟ್ಟುತ್ತದೆ.

ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾಕೆ ಗೊತ್ತಾ? ಫ್ಯಾನಿನ ಬಿಲ್ಲು ನಿಮ್ಮ ಟೇಬಲ್‌ನಲ್ಲಿ, ಹೆಸ್ಕಾಂನ ಕರೆಂಟ್ ಬಿಲ್ಲು ಪಕ್ಕದ ಟೇಬಲ್‌ನಲ್ಲಿ. ಲೆಕ್ಕ ಶೀರ್ಷಿಕೆಯೂ ಬೇರೆ. ಒಂದು ಟೇಬಲ್ ಉಳಿಸಿದ 1,300 ರೂಪಾಯಿಗೆ ಇನ್ನೊಂದು ಟೇಬಲ್ ಹತ್ತು ವರ್ಷ ದಂಡ ಕಟ್ಟುತ್ತದೆ. ನಾನು ಸರ್ವಿಸ್‌ನಲ್ಲಿದ್ದಾಗ ಈ ಎರಡು ಕಡತವನ್ನು ಒಟ್ಟಿಗೆ ಇಟ್ಟು ನೋಡಿದವರು ಬಹಳ ಕಡಿಮೆ. ನೀವು ಇಡಿ. ಪಕ್ಕದ ಟೇಬಲ್‌ನಿಂದ ಒಂದು ವರ್ಷದ ಕರೆಂಟ್ ಬಿಲ್ಲು ತಂದು ಟಿಪ್ಪಣಿಗೆ ಲಗತ್ತಿಸಿ. "1200 ಮಿ.ಮೀ. ಸ್ವೀಪ್, ಗರಿಷ್ಠ 35 ವಾಟ್, ಬಿಇಇ 5 ಸ್ಟಾರ್, ಕನಿಷ್ಠ 2 ವರ್ಷ ವಾರಂಟಿ" ಎಂದು ಬರೆಯಿರಿ. ಸ್ವೀಪ್ ಅಂದರೆ ರೆಕ್ಕೆಗಳ ಹರವು, ಬಿಇಇ ಅಂದರೆ ವಿದ್ಯುತ್ ಉಳಿತಾಯಕ್ಕೆ ಸ್ಟಾರ್ ಕೊಡುವ ಕೇಂದ್ರದ ಸಂಸ್ಥೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017ರಲ್ಲಿ ವಿದ್ಯುತ್ ಉಪಕರಣ ಕೊಳ್ಳುವಾಗ ಸ್ಟಾರ್ ರೇಟಿಂಗ್ ನೋಡಬೇಕು ಎಂದೇ ಇದೆ. ಅದು ಕೇಂದ್ರದ ಕಚೇರಿಗಳಿಗೆ ಮಾಡಿದ ನಿಯಮ, ಆದರೆ ನಿಮ್ಮ ಟಿಪ್ಪಣಿಗೆ ಒಳ್ಳೆಯ ಆಸರೆ.

ಸರ್ಕಾರ ಒಟ್ಟಾಗಿ ಕೇಳಿದರೆ ಮಾರುಕಟ್ಟೆ ಬದಲಾಗುತ್ತದೆ ಎನ್ನುವುದಕ್ಕೆ ಎಲ್‌ಇಡಿ ಬಲ್ಬ್ ಸಾಕ್ಷಿ. ಕೇಂದ್ರದ ಇಇಎಸ್‌ಎಲ್ ಸಂಸ್ಥೆ 2014ರಲ್ಲಿ ಒಂದು ಬಲ್ಬ್‌ಗೆ 310 ರೂಪಾಯಿ ಕೊಟ್ಟು ಖರೀದಿ ಶುರು ಮಾಡಿತು. ಕೋಟಿಗಟ್ಟಲೆ ಕೊಳ್ಳುತ್ತಾ ಹೋದ ಹಾಗೆ 2016ರಲ್ಲಿ ಅದೇ ಬಲ್ಬ್ 38 ರೂಪಾಯಿಗೆ ಇಳಿಯಿತು. ನಮ್ಮಲ್ಲಿ "ಹೊಸ ಬೆಳಕು" ಎಂದು ಹಂಚಿದ್ದು ಇದೇ ಬಲ್ಬ್. ಇವತ್ತು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಹಳೆಯ ಗುಂಡು ಬಲ್ಬ್ ಹುಡುಕಿದರೆ ಸಿಗುವುದು ಕಷ್ಟ.

ಈಗಿನ ಆಕ್ಷೇಪಣೆಗೆ ಉತ್ತರ: ದರಪಟ್ಟಿ ಕರೆಯುವಾಗ ವಿವರ ಬಿಟ್ಟುಹೋಗಿದೆ ಎಂದು ಒಪ್ಪಿಕೊಳ್ಳಿ. ಫೋಲ್ಡರ್‌ಗಳು ಇನ್ನೂ ಬಳಕೆಯಲ್ಲಿವೆ ಎಂದು ಫೋಟೋ ಇಡಿ. ಮುಂದಿನ ಖರೀದಿಗೆ ಮಾಡಿದ ಹೊಸ ವಿವರಣೆಯ ಪ್ರತಿ ಲಗತ್ತಿಸಿ. 4,440 ರೂಪಾಯಿಯ ಆಕ್ಷೇಪಣೆಯನ್ನು ಆಡಿಟ್‌ನವರು ಅಷ್ಟಕ್ಕೆ ಕೈಬಿಡಬಹುದು.

---

ಉತ್ತರ: ಸಂಜೀವಿನಿ (ಮಹಿಳಾ ಸ್ವಸಹಾಯ ಸಂಘಗಳ) ಒಕ್ಕೂಟದ ಸದಸ್ಯೆ, ಬಾಗಲಕೋಟೆ ತಾಲ್ಲೂಕು

ಸರ್ ಹೇಳಿದ್ದು ಬಹಳ ಚೆನ್ನಾಗಿದೆ. ಆ ಕಡತದ ಇನ್ನೊಂದು ತುದಿಯಲ್ಲಿ ಕೂತವರು ನಾವು, ನಮ್ಮ ಮಾತೂ ಕೇಳಿ ಅಣ್ಣಾ.

ನಾವು ಹತ್ತು ಹೆಂಗಸರು ಸೇರಿ ಬಟ್ಟೆ ಚೀಲ, ಫೋಲ್ಡರ್ ಹೊಲಿಯುತ್ತೇವೆ. ಐದು ಹೊಲಿಗೆ ಮಷಿನ್ ಇವೆ. ನಮ್ಮ ಅವ್ವ ತುಳಸಿಗೇರಿಯ ಖಾದಿ ಕೇಂದ್ರದಲ್ಲಿ ಮಗ್ಗದ ಮುಂದೆ ಕೂತು ನಮ್ಮನ್ನು ಸಾಕಿದವಳು. ರಾಷ್ಟ್ರಧ್ವಜದ ಬಟ್ಟೆ ನೇಯುವ ಊರು ಅದು. ಇಲ್ಲಿ ನೇಯ್ದದ್ದು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ, ಅಲ್ಲಿ ಬಣ್ಣ ಹಾಕಿ, ಚಕ್ರ ಅಚ್ಚು ಮಾಡಿ, ಹೊಲಿದು ದೇಶಕ್ಕೆಲ್ಲ ಹೋಗುತ್ತದೆ. ಕೆಂಪು ಕೋಟೆ ಮೇಲೆ ಹಾರುವುದು ನಮ್ಮ ಕಡೆ ನೂತು ನೇಯ್ದ ಬಟ್ಟೆ ಎಂದು ಅವ್ವ ಆಗಸ್ಟ್ ಹದಿನೈದಕ್ಕೆ ಟಿವಿ ಮುಂದೆ ಕೂತು ತೋರಿಸುತ್ತಿದ್ದಳು.

2021ರ ಡಿಸೆಂಬರ್ 30ಕ್ಕೆ ಧ್ವಜ ಸಂಹಿತೆ ತಿದ್ದಿದರು. ಕೈಯಿಂದ ನೂತು ನೇಯ್ದದ್ದರ ಜೊತೆಗೆ ಮಷಿನ್‌ನಲ್ಲಿ ಮಾಡಿದ್ದೂ ನಡೆಯುತ್ತದೆ, ಪಾಲಿಯೆಸ್ಟರ್ ಕೂಡ ನಡೆಯುತ್ತದೆ ಎಂದು ಸೇರಿಸಿದರು. ಸೇರಿದ್ದು ಎರಡು ಮೂರು ಶಬ್ದ ಅಷ್ಟೇ. ಮುಂದಿನ ಆಗಸ್ಟ್‌ನಲ್ಲಿ ಮನೆಮನೆಗೆ ಬಾವುಟ ಬಂತು, ಹೆಚ್ಚಿನವು ಪಾಲಿಯೆಸ್ಟರ್. ಬೆಂಗೇರಿಯಲ್ಲಿ ಕೆಲಸಗಾರರು ಧರಣಿ ಕೂತರು. ನಮ್ಮೂರಿನಲ್ಲಿ ಹಬ್ಬ ಮುಗಿದ ಮೇಲೆ ಗಟಾರದಲ್ಲಿ ಬಿದ್ದ ಬಾವುಟ ಎತ್ತಿ ತಂದು ಒಗೆದಿಟ್ಟವಳು ನಮ್ಮ ಅವ್ವ. ಅದು ಕರಗುವ ಬಟ್ಟೆ ಅಲ್ಲ, ಮಣ್ಣಿಗೆ ಹಾಕಿದರೂ ಹಾಗೇ ಇರುತ್ತದೆ. ಹಾಗಾಗಿ ಬೆಳಗಾವಿಯ ಸರ್ "ಕೇಳುವುದನ್ನು ಸರಿಯಾಗಿ ಕೇಳಿದರೆ" ಎಂದದ್ದು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಒಂದು ಸಾಲು ತಿದ್ದಿದರೆ ಎಷ್ಟು ಮಗ್ಗ ನಿಲ್ಲುತ್ತವೆ ಅಂತ ನಾವು ನೋಡಿದ್ದೇವೆ.

ಇನ್ನು ನಮ್ಮ ಕಷ್ಟ. ಕಚೇರಿಗಳಿಂದ ಫೋನ್ ಬರುವುದು ತರಬೇತಿಗೆ ನಾಲ್ಕು ದಿನ ಇದ್ದಾಗ. ನಾಲ್ಕು ದಿನದಲ್ಲಿ 150 ಫೋಲ್ಡರ್ ಹೊಲಿಯಲು ಆಗುವುದಿಲ್ಲ ಅಣ್ಣಾ. ಬಟ್ಟೆ ತರಬೇಕು, ಕತ್ತರಿಸಬೇಕು, ಅಚ್ಚು ಹಾಕಿಸಬೇಕು. ಪ್ಲಾಸ್ಟಿಕ್ಕಿನವರು ಗೋದಾಮಿನಿಂದ ಎತ್ತಿ ಕೊಡುತ್ತಾರೆ. ನಮಗೆ 20 ದಿನ ಕೊಡಿ, 250 ಬೇಕಾದರೂ ಕೊಡುತ್ತೇವೆ.

ಎರಡನೆಯದು ದುಡ್ಡು. ಎರಡು ವರ್ಷದ ಹಿಂದೆ ಒಂದು ಕಚೇರಿಗೆ 300 ಫೋಲ್ಡರ್ ಕೊಟ್ಟೆವು. ಏಳು ತಿಂಗಳು ಹಣ ಬರಲಿಲ್ಲ. ಅನುದಾನ ಬಂದಿಲ್ಲ, ಸಾಹೇಬರು ರಜೆ, ಬಿಲ್ಲು ವಾಪಸ್ ಬಂದಿದೆ, ಹೀಗೇ. ಬಟ್ಟೆ ತಂದದ್ದು ಸಂಘದ ಸಾಲದಲ್ಲಿ, ಬಡ್ಡಿ ನಾವು ಕಟ್ಟಿದೆವು. ಒಬ್ಬಳು ಕಿವಿಯ ಓಲೆ ಅಡ ಇಟ್ಟಳು. ಹಣ ಬಂದ ದಿನ ಲೆಕ್ಕ ಹಾಕಿದರೆ ಕೂಲಿಯೂ ಗಿಟ್ಟಿರಲಿಲ್ಲ. ಆಮೇಲೆ ಒಂದು ವರ್ಷ ನಾವು ಸರ್ಕಾರಿ ಆರ್ಡರ್ ಮುಟ್ಟಲೇ ಇಲ್ಲ. ಪರಿಸರಕ್ಕೆ ಒಳ್ಳೆಯದು ಕೊಳ್ಳುವವರು, ಅದನ್ನು ಮಾಡುವವರ ಒಲೆಯನ್ನೂ ಒಮ್ಮೆ ನೋಡಬೇಕು.

ಮೂರನೆಯದು ಷರತ್ತು. ಮೂರು ವರ್ಷದ ವಹಿವಾಟು ಇಷ್ಟು ಲಕ್ಷ ಇರಬೇಕು, ಇಷ್ಟು ಠೇವಣಿ ಇಡಬೇಕು ಎಂದು ಬರೆದರೆ ನಾವು ಬಾಗಿಲಲ್ಲೇ ನಿಲ್ಲುತ್ತೇವೆ. 150 ಫೋಲ್ಡರ್‌ಗೆ ಅಷ್ಟೆಲ್ಲ ಯಾಕೆ ಬೇಕು ಹೇಳಿ? ಮಾದರಿ ನೋಡಿ, ಹೊಲಿಗೆ ಎಳೆದು ನೋಡಿ. ಅಷ್ಟು ಸಾಕು.

---

ಉತ್ತರ: ನಿವೃತ್ತ ಲೆಕ್ಕ ಅಧೀಕ್ಷಕ, ಬೆಳಗಾವಿ

ತಂಗೀ, ನಿಮ್ಮ ಸಂಘ ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಮಾಡಿಸಿದೆಯಾ? ಇಲ್ಲದಿದ್ದರೆ ಈ ವಾರವೇ ಮಾಡಿಸಿ, ಅದಕ್ಕೆ ಶುಲ್ಕ ಇಲ್ಲ. ಸಣ್ಣ ಉದ್ಯಮಗಳ ಕಾಯ್ದೆ 2006ರ ಪ್ರಕಾರ ನೋಂದಣಿ ಇರುವ ಸಣ್ಣ ಉತ್ಪಾದಕರಿಗೆ 45 ದಿನದ ಒಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಕೊಳ್ಳುವವರು ಸರ್ಕಾರಿ ಕಚೇರಿ ಆದರೂ ಇದು ತಪ್ಪುವುದಿಲ್ಲ. ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ ಬರೆಯಿರಿ. ಬರೆದಿದ್ದರೆ ಬಿಲ್ಲು ನೋಡುವ ಕ್ಲರ್ಕಿಗೂ ಅದು ನೆನಪಿರುತ್ತದೆ.

ಸರ್ಕಾರಿ ಖರೀದಿ ನಡೆಯುವ ಕೇಂದ್ರದ ಜೆಮ್ ಪೋರ್ಟಲ್‌ನಲ್ಲಿ ಹೆಂಗಸರ ಸಂಘಗಳಿಗೆ "ವುಮನಿಯಾ" ಎಂಬ ವಿಭಾಗ 2019ರಿಂದ ಇದೆ. ತಾಲ್ಲೂಕು ಪಂಚಾಯಿತಿಯ ಸಂಜೀವಿನಿ ಸಿಬ್ಬಂದಿಯನ್ನು ಕೂರಿಸಿಕೊಂಡು ಅದರಲ್ಲಿ ಹೆಸರು ಹಾಕಿಸಿ.

ವಿಜಯಪುರದ ತಮ್ಮನಿಗೆ: ಅನುದಾನ ಕೈಗೆ ಬಂದಿದೆ ಎಂದು ಖಾತ್ರಿ ಆಗುವ ತನಕ ಸರಬರಾಜು ಆದೇಶ ಕೊಡಬೇಡಿ. ನಿಮ್ಮ ಒಳ್ಳೆಯ ಉದ್ದೇಶಕ್ಕೆ ಇನ್ನೊಬ್ಬರ ಓಲೆ ಅಡ ಬೀಳಬಾರದು.

---

ಉತ್ತರ: ಕಿರಿಯ ಎಂಜಿನಿಯರ್, ಬಾಗಲಕೋಟೆ ಜಿಲ್ಲೆ

ಫೋಲ್ಡರ್, ಫ್ಯಾನ್ ಸರಿ. ಆದರೆ ಸರ್ಕಾರ ಹೆಚ್ಚು ದುಡ್ಡು ಸುರಿಯುವುದು ಕಟ್ಟಡಕ್ಕೆ, ರಸ್ತೆಗೆ. ಅದರ ಬಗ್ಗೆ ಸ್ವಲ್ಪ ಹೇಳುತ್ತೇನೆ.

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಇದೆ, 800ರ ಮೂರು ಘಟಕ. ಕಲ್ಲಿದ್ದಲು ಸುಟ್ಟ ಮೇಲೆ ಉಳಿಯುವ ಹಾರುಬೂದಿ ಗುಡ್ಡದಷ್ಟು. ಕೇಂದ್ರ ಪರಿಸರ ಸಚಿವಾಲಯ 2021ರ ಡಿಸೆಂಬರ್ 31ರಂದು ಹೊರಡಿಸಿದ ಅಧಿಸೂಚನೆ ಪ್ರಕಾರ, ಇಂಥ ಸ್ಥಾವರದಿಂದ 300 ಕಿ.ಮೀ. ಒಳಗಿನ ಕಟ್ಟಡ ಕೆಲಸಗಳಲ್ಲಿ ಬೂದಿಯಿಂದ ಮಾಡಿದ ಇಟ್ಟಿಗೆ, ಬ್ಲಾಕ್ ಬಳಸಲೇಬೇಕು, ಬೇರೆಯದಕ್ಕಿಂತ ದರ ಜಾಸ್ತಿ ಇರಬಾರದು ಅಷ್ಟೇ. ಸರ್ಕಾರಿ ಕೆಲಸಕ್ಕೂ ಇದು ಅನ್ವಯ. ಕೂಡಗಿಯಿಂದ 300 ಕಿ.ಮೀ. ಅಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಮೂರೂ ಜಿಲ್ಲೆ ಬಂದುಬಿಡುತ್ತವೆ.

ಆದರೂ ಎಷ್ಟೋ ಅಂದಾಜು ಪಟ್ಟಿಗಳಲ್ಲಿ ಇವತ್ತಿಗೂ "ಸುಟ್ಟ ಇಟ್ಟಿಗೆ" ಎಂದೇ ಇರುತ್ತದೆ. ಹಳೆಯ ಅಂಗನವಾಡಿ ಕಟ್ಟಡದ ಎಸ್ಟಿಮೇಟ್ ತೆಗೆದು ಊರಿನ ಹೆಸರು ಬದಲಿಸುತ್ತೇವೆ, ದರ ಬದಲಿಸುತ್ತೇವೆ, ಆ ಸಾಲು ಹಾಗೇ ಉಳಿಯುತ್ತದೆ. ನಾನೂ ನಾಲ್ಕು ವರ್ಷ ಹಾಗೇ ಮಾಡಿದೆ. ಘಟಪ್ರಭಾ ದಂಡೆಯಲ್ಲಿ ಇಟ್ಟಿಗೆ ಭಟ್ಟಿಗೆ ಹೊಲದ ಮೇಲ್ಮಣ್ಣು ಕೆತ್ತಿ ಒಯ್ಯುವುದನ್ನು ನೋಡಿದ ಮೇಲೆ ನನಗೆ ತಡೆಯಲಿಲ್ಲ. ಕಬ್ಬು ಬೆಳೆಯುವ ಮಣ್ಣು ಅದು. ಒಂದು ಗೇಣು ಹೋದರೆ ನಮ್ಮ ಕಾಲದಲ್ಲಿ ವಾಪಸ್ ಬರುವುದಿಲ್ಲ. ಈಗ ನಾನು ಮಾಡುವ ಪ್ರತಿ ಅಂದಾಜಿನಲ್ಲಿ ಆ ಸಾಲು ತಿದ್ದುತ್ತೇನೆ. ಗುತ್ತಿಗೆದಾರರು ಮೊದಮೊದಲು ಗೊಣಗಿದರು. ಬ್ಲಾಕ್ ಅಳತೆ ಒಂದೇ ಸಮ ಇರುವುದರಿಂದ ಗಿಲಾವಿಗೆ ಸಿಮೆಂಟ್ ಕಡಿಮೆ ಸಾಕು ಅಂತ ಗೊತ್ತಾದ ಮೇಲೆ ಸುಮ್ಮನಾದರು. ನೀರು ಚೆನ್ನಾಗಿ ಉಣಿಸಬೇಕು, ಅದನ್ನು ಮಾತ್ರ ನಿಂತು ನೋಡಬೇಕು.

---

ಉತ್ತರ: ಸರ್ಕಾರಿ ಶಾಲೆಯ ಮುಖ್ಯ ಗುರುಗಳು, ಅಥಣಿ ತಾಲ್ಲೂಕು

ಎಲ್ಲರ ಮಾತೂ ಓದಿದೆ. ನನ್ನದು ಸ್ವಲ್ಪ ಬೇರೆ.

ತರಬೇತಿಗೆ ಹೋಗಿ ಹೋಗಿ ನನ್ನ ಮನೆಯಲ್ಲಿ ಹದಿನಾಲ್ಕು ಚೀಲ, ಫೋಲ್ಡರ್ ಕೂಡಿವೆ. ಅದರಲ್ಲಿ ಆರು ಬಟ್ಟೆಯವು, ಮೂರು ಸೆಣಬಿನವು. ಹತ್ತಿ ಬೆಳೆಯಲೂ ನೀರು ಬೇಕು, ಬಣ್ಣ ಹಾಕಲೂ ನೀರು ಬೇಕು. ಹದಿನೈದನೆಯ ಫೋಲ್ಡರ್ ಖಾದಿಯದೇ ಇರಲಿ, ನನಗೆ ಅದು ಬೇಡ. ತರಬೇತಿಯ ಆದೇಶದಲ್ಲೇ "ಬರುವಾಗ ನಿಮ್ಮ ಚೀಲ, ನೋಟ್‌ಬುಕ್, ನೀರಿನ ಬಾಟಲಿ ತನ್ನಿ" ಎಂದು ಒಂದು ಸಾಲು ಬರೆದರೆ ಆಗುವುದಿಲ್ಲವಾ? ನಮ್ಮ ಶಾಲೆಯ ಮಕ್ಕಳು ದಿನಾ ನೀರು ತರುತ್ತಾರೆ. ಬಿಸಿಯೂಟಕ್ಕೆ ಸ್ಟೀಲ್ ತಾಟು ಇವೆ, ಉಂಡು ತಾವೇ ತೊಳೆದಿಡುತ್ತಾರೆ. ಆರನೇ ತರಗತಿಯ ಹುಡುಗಿ ಮಾಡುವುದನ್ನು ಅಧಿಕಾರಿಗಳು ಮಾಡಬಹುದು.

ತಂಗಿಯವರ ಸಂಘಕ್ಕೆ ಕೆಲಸ ತಪ್ಪಲಿ ಎಂದು ನಾನು ಹೇಳುತ್ತಿಲ್ಲ. ನಿಜವಾಗಿ ಬೇಕಾದದ್ದನ್ನು ಅವರಿಂದ ತೆಗೆದುಕೊಳ್ಳಿ. ಕಚೇರಿಯಲ್ಲಿ ಕಡತ ಕಟ್ಟುವ ಬಟ್ಟೆ ಬಸ್ತಾ ಇರುತ್ತದಲ್ಲ, ಕೆಂಪು ಬಟ್ಟೆಯದು? ಅದನ್ನು ಈಗ ಎಷ್ಟೋ ಕಡೆ ಪ್ಲಾಸ್ಟಿಕ್ ಬಾಕ್ಸ್ ಫೈಲಿಗೆ ಬದಲಾಯಿಸಿದ್ದಾರೆ. ಕಿಟಕಿ ಪರದೆ, ಟೇಬಲ್ ಬಟ್ಟೆ, ಸಭಾಭವನದ ಕುರ್ಚಿಯ ಗವಸು, ಇವೆಲ್ಲ ಪ್ರತಿ ವರ್ಷದ ಖರೀದಿ. ಅವು ನಿಜವಾಗಿ ಸವೆಯುವ ತನಕ ಬಳಕೆ ಆಗುತ್ತವೆ.

ಇನ್ನೊಂದು ಮಾತು. ಹಳೆಯ ಕಂಪ್ಯೂಟರ್, ಪ್ರಿಂಟರ್‌ಗಳನ್ನು ಹರಾಜಿನಲ್ಲಿ ಗುಜರಿಯವರಿಗೆ ಕೊಡುವುದನ್ನು ನಿಲ್ಲಿಸಬೇಕು. ತಾಮ್ರಕ್ಕಾಗಿ ವೈರ್ ಸುಡುತ್ತಾರೆ. ಇ-ತ್ಯಾಜ್ಯ ನಿಯಮ 2022 ಬಂದಿದೆ, 2023ರ ಏಪ್ರಿಲ್‌ನಿಂದ ಜಾರಿ. ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು. ಕೊಳ್ಳುವ ಕಡತದಲ್ಲೇ "ಹಳೆಯದನ್ನು ಮಾರಾಟಗಾರರೇ ವಾಪಸ್ ಪಡೆದು ನೋಂದಾಯಿತ ಘಟಕಕ್ಕೆ ಕೊಟ್ಟ ರಸೀದಿ ಸಲ್ಲಿಸಬೇಕು" ಎಂದು ಬರೆಯಬಹುದಲ್ಲವಾ? ಅಧೀಕ್ಷಕರು ಹೇಳಬೇಕು.

---

ಉತ್ತರ: ನಿವೃತ್ತ ಲೆಕ್ಕ ಅಧೀಕ್ಷಕ, ಬೆಳಗಾವಿ

ಬರೆಯಬಹುದು ಗುರುಗಳೇ. ಮೊದಲೇ ಬರೆದರೆ ಅದೂ ಷರತ್ತೇ. ಆದರೆ ಹಳೆಯ ಸಾಮಾನನ್ನು ಅನುಪಯುಕ್ತ ಎಂದು ಘೋಷಿಸಿ, ದಾಸ್ತಾನು ವಹಿಯಿಂದ ತೆಗೆಯುವ ಆದೇಶ ಪಡೆದೇ ಕೊಡಬೇಕು. ಅದು ಬಿಟ್ಟರೆ ಮತ್ತೆ ಆಕ್ಷೇಪಣೆ. ಚೀಲದ ವಿಷಯದಲ್ಲಿ ನಿಮ್ಮ ಮಾತು ನನಗೆ ಪೂರ್ತಿ ಒಪ್ಪಿಗೆ. ನನಗೆ ಅದು ಹೊಳೆದಿರಲಿಲ್ಲ.

---

ಪ್ರಶ್ನೆ ಕೇಳಿದವರು: ಸ್ಟೋರ್ ವಿಷಯ ನಿರ್ವಾಹಕ, ವಿಜಯಪುರ

ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಈ ನಾಲ್ಕು ದಿನ ನಿಮ್ಮ ಮಾತುಗಳನ್ನೇ ಇಟ್ಟುಕೊಂಡು ಕೂತಿದ್ದೆ.

ಹಳೆಯ ಕಡತ ತೆಗೆದು ನೋಡಿದೆ. ಅಧೀಕ್ಷಕರು ಹೇಳಿದ ಹಾಗೇ ಇದೆ. ನನ್ನದೇ ಅಕ್ಷರದಲ್ಲಿ "ಫೋಲ್ಡರ್ 120" ಎಂದಷ್ಟೇ ಬರೆದಿದ್ದೇನೆ. ತಪ್ಪು ನನ್ನದೇ, ಆಕ್ಷೇಪಣೆಗೆ ಹಾಗೇ ಉತ್ತರ ಕೊಟ್ಟೆ.

ಗುರುಗಳ ಮಾತು ಹಿಡಿದು ಮುಂದಿನ ತರಬೇತಿಯ ಆದೇಶದ ಕರಡಿನಲ್ಲಿ "ಚೀಲ, ನೀರಿನ ಬಾಟಲಿ ತರಬೇಕು" ಎಂದು ಸೇರಿಸಿದೆ. 150 ಫೋಲ್ಡರ್ ಬೇಡಿಕೆ 40ಕ್ಕೆ ಇಳಿಯಿತು. ಹೊಸದಾಗಿ ನೇಮಕ ಆದವರಿಗೆ ಮಾತ್ರ ಕೊಡುತ್ತೇವೆ. ಉಳಿದ ದುಡ್ಡಿನಲ್ಲಿ ಕಡತ ಕಟ್ಟುವ ಬಸ್ತಾ ಮತ್ತು ಎರಡು ಕೋಣೆಯ ಪರದೆ. ಮೂರು ಸಂಘಗಳಿಗೆ ಪತ್ರ ಹೋಗುತ್ತದೆ. ಅಕ್ಕಾ, ನಿಮ್ಮ ಸಂಘವೂ ದರ ಕೊಡಬಹುದು. ಗಡುವು 25 ದಿನ ಇಟ್ಟಿದ್ದೇನೆ. ವಹಿವಾಟಿನ ಷರತ್ತು ಇಲ್ಲ, ಮಾದರಿ ಮಾತ್ರ. ಅನುದಾನ ಕೈಯಲ್ಲಿದೆ, ಎರಡು ಸಲ ನೋಡಿದ್ದೇನೆ.

ಫ್ಯಾನಿಗೆ ಪಕ್ಕದ ಟೇಬಲ್‌ನಿಂದ ಹೆಸ್ಕಾಂ ಬಿಲ್ಲು ತಂದೆ. ಸಾಹೇಬರ ಮುಂದೆ ಎರಡನ್ನೂ ಇಟ್ಟೆ. 15,120ರ ಲೆಕ್ಕವನ್ನು ಅವರು ತಮ್ಮ ಫೋನ್‌ನಲ್ಲಿ ಇನ್ನೊಮ್ಮೆ ಮಾಡಿ ನೋಡಿದರು. "ಇದನ್ನು ಮೊದಲೇ ಯಾಕೆ ತರಲಿಲ್ಲ?" ಎಂದು ಕೇಳಿ ಸಹಿ ಮಾಡಿದರು.

ನೀರಿನ ವಿಷಯ ಸ್ವಲ್ಪ ಕಷ್ಟ ಆಯ್ತು. ದೊಡ್ಡ ಸಾಹೇಬರು ಬಂದಾಗ ಲೋಟದಲ್ಲಿ ನೀರು ಕೊಟ್ಟರೆ ಮರ್ಯಾದೆ ಇರುವುದಿಲ್ಲ ಎಂದು ಮ್ಯಾನೇಜರ್ ಹೇಳಿದರು. 2025ರ ಅಕ್ಟೋಬರ್‌ನಲ್ಲಿ ಸರ್ಕಾರಿ ಕಚೇರಿ, ಸಭೆಗಳಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಬಳಸಬಾರದು ಎಂದು ಮುಖ್ಯಮಂತ್ರಿಗಳೇ ಸೂಚನೆ ಕೊಟ್ಟಿದ್ದಾರಲ್ಲ, ಅದನ್ನು ತೋರಿಸಿದೆ. ಆಮೇಲೆ ಮಾತು ಬರಲಿಲ್ಲ. 100 ಸ್ಟೀಲ್ ಲೋಟ, ನಲ್ಲಿ ಇರುವ ಎರಡು ಸ್ಟೀಲ್ ಡ್ರಮ್ ಬರೆದಿದ್ದೇನೆ. ಎಲ್ಲ ಸೇರಿ 11,000 ಆಗಬಹುದು. ಬಾಟಲಿಗೆ ಐದು ತಿಂಗಳಿಗೆ ಹೋಗುತ್ತಿದ್ದ ದುಡ್ಡು ಅದು.

ಬೇಸಿಗೆಗೆ ನೀರು ತುಂಬಿಡುವ ಆರು ಮಣ್ಣಿನ ಹರವಿ ಕೂಡ ಸೇರಿಸಿದೆ. ಇಲ್ಲೇ ಸಂತೆಗೆ ಬರುವ ಕುಂಬಾರರ ಕಡೆಯಿಂದ. ಹರವಿಯ ಕೆಳಗೆ ಮರಳು ಹಾಕಿ, ಮೇಲೆ ಒದ್ದೆ ಬಟ್ಟೆ ಸುತ್ತಿದರೆ ಏಪ್ರಿಲ್‌ನಲ್ಲೂ ನೀರು ತಣ್ಣಗಿರುತ್ತದೆ. ಇದನ್ನು ಹೇಳಿಕೊಟ್ಟವರು ಕಸ ಗುಡಿಸುವ ನಮ್ಮ ಅಕ್ಕ. ಎಲ್ಲಿ ಇಡಬೇಕು ಎಂದು ಕೇಳಲು ಹೋಗಿದ್ದೆ. ವರಾಂಡದ ಉತ್ತರ ಮೂಲೆ ತೋರಿಸಿದರು, ಅಲ್ಲಿ ಮಧ್ಯಾಹ್ನ ಬಿಸಿಲು ಬೀಳುವುದಿಲ್ಲವಂತೆ.

ಕಡತ ಸೋಮವಾರ ಮೇಲೆ ಹೋಗುತ್ತದೆ. ದರಪಟ್ಟಿ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.